ಶಿಕ್ವಾ ಯಾರದು, ಜವಾಬು ಯಾರದು?

ಜುಮಾ ನಮಾಝಿನ ಕೊನೆಯಲ್ಲಿ ಇಮಾಮರು ಕೈ ಎತ್ತುತ್ತಾರೆ. 2023ರ ಅಕ್ಟೋಬರ್ ನಂತರ ಗಾಝಾದ ಮಕ್ಕಳಿಗಾಗಿ ನಮ್ಮ ಮಸೀದಿಗಳಲ್ಲಿ ಎಷ್ಟು ಸಲ ಹೀಗೆ ಕೈಗಳು ಎದ್ದಿವೆಯೆಂದು ಲೆಕ್ಕವಿಟ್ಟವರಿಲ್ಲ. 1992ರ ಡಿಸೆಂಬರಿನಲ್ಲಿ ಎದ್ದಿದ್ದವು, 2002ರ ಗುಜರಾತಿನ ದಿನಗಳಲ್ಲಿ ಎದ್ದಿದ್ದವು. ಇಮಾಮರ ದನಿ ಒಡೆಯುತ್ತದೆ. ಸಫ್‌ಗಳ ನಡುವಿನಿಂದ ಬಿಕ್ಕಿದ ಸದ್ದು ಕೇಳುತ್ತದೆ. ಎಲ್ಲರೂ ಒಟ್ಟಾಗಿ ಆಮೀನ್ ಎನ್ನುತ್ತಾರೆ. ಹೊರಗೆ ಬಂದು ಚಪ್ಪಲಿ ಹುಡುಕುವಾಗ ಯಾರಾದರೊಬ್ಬ ಹುಡುಗ ಕೇಳಿಬಿಡುತ್ತಾನೆ: "ಇಷ್ಟು ಜನ ಬೇಡಿಕೊಂಡರೂ ಅಲ್ಲಾಹನು ಯಾಕೆ ಸುಮ್ಮನಿದ್ದಾನೆ?" ಪಕ್ಕದ ಹಿರಿಯರು "ತೌಬಾ ಮಾಡು" ಎಂದು ಅವನನ್ನು ಗದರಿಸುತ್ತಾರೆ.

ಹುಡುಗನ ಪ್ರಶ್ನೆಯಲ್ಲಿ ತೌಬಾ ಮಾಡುವಂಥದ್ದೇನೂ ಇಲ್ಲ. ಕೆಡುಕು ಗೆಲ್ಲುತ್ತಿದೆ ಎನಿಸಿದಾಗ ದೇವನ ಮುಂದೆ ಕೈಚಾಚುವುದು, ಕೈಗೆ ಏನೂ ಬೀಳದಿದ್ದಾಗ ಕಂಗಾಲಾಗುವುದು ಮನುಷ್ಯನಷ್ಟೇ ಹಳೆಯದು. ಬಿಅ್ರೆ ಮಊನಾ ಎಂಬಲ್ಲಿ ಕುರ್‌ಆನ್ ಬಲ್ಲ ಸುಮಾರು 70 ಮಂದಿ ಸಹಾಬಿಗಳನ್ನು ನಂಬಿಸಿ ಕೊಂದಾಗ ಪ್ರವಾದಿ(ಸ)ಯವರು ಒಂದು ತಿಂಗಳ ಕಾಲ ನಮಾಝಿನೊಳಗೇ ಆ ಕೊಲೆಗಡುಕರ ವಿರುದ್ಧ ಮೊರೆಯಿಟ್ಟರು. ಆಪತ್ತಿನ ಕಾಲದ ಈ ಪ್ರಾರ್ಥನೆಯನ್ನೇ ನಾವು ಕುನೂತೆ ನಾಝಿಲಾ ಎಂದು ಕರೆಯುತ್ತೇವೆ. ಆದ್ದರಿಂದ ಅನ್ಯಾಯದ ವಿರುದ್ಧ ದುಆ ಮಾಡಬೇಕೇ ಬೇಡವೇ ಎಂಬುದು ಇಲ್ಲಿಯ ಚರ್ಚೆಯಲ್ಲ. ಮಾಡಲೇಬೇಕು. ಆ ದುಆದಲ್ಲಿ ಯಾರ ನೋವು ಸೇರುತ್ತದೆ, ಯಾರದು ಹೊರಗುಳಿಯುತ್ತದೆ, ಅದಕ್ಕೆ ಉತ್ತರ ಕೊಡಬೇಕಾದವರು ಯಾರು ಎಂಬುದನ್ನು ಸಾಹಿತ್ಯದ ಬಾಗಿಲಿನಿಂದ ನೋಡುವುದು ನಮ್ಮ ಉದ್ದೇಶ.

ಇಕ್ಬಾಲರ ದೂರು

ಉರ್ದು ಶಾಲೆಯಲ್ಲಿ ಓದಿದವರಿಗೆ ಇಕ್ಬಾಲರ 'ಶಿಕ್ವಾ' ಪಾಠವಾಗಿ ಸಿಗುವ ಮೊದಲೇ ಪಂದ್ಯವಾಗಿ ಸಿಗುತ್ತದೆ. ವಾರ್ಷಿಕೋತ್ಸವದಲ್ಲಿ ಶೇರವಾನಿ ತೊಟ್ಟ ಹುಡುಗರು ಒಂದು ಕೈಯನ್ನು ಆಕಾಶಕ್ಕೆ ಎತ್ತಿ ಅದನ್ನು ಹಾಡಬೇಕು, ಮುಂದಿನ ಸಾಲಿನ ಹಿರಿಯರು ವಾಹ್ ವಾಹ್ ಎನ್ನಬೇಕು. ನಾವೂ ಹಾಗೆ ಹಾಡಿದವರೇ. ಅರ್ಥ ಪೂರ್ತಿ ಆಗದಿದ್ದರೂ ಮೈ ಜುಮ್ಮೆನ್ನುತ್ತಿತ್ತು. ದೇವರ ಜೊತೆ ಹೀಗೂ ಮಾತಾಡಬಹುದೇ ಎಂಬ ಬೆರಗು ಅದು.

ಲಾಹೋರಿನ ಅಂಜುಮನ್ ಹಿಮಾಯತೆ ಇಸ್ಲಾಮ್ ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಇಕ್ಬಾಲರು 'ಶಿಕ್ವಾ'ವನ್ನು ಮೊದಲು ಓದಿದರು. ಆರಾರು ಸಾಲುಗಳ 31 ಪದ್ಯಗಳ ಈ ಕವನದಲ್ಲಿ ಒಬ್ಬ ಮುಸ್ಲಿಮ್ ನೇರವಾಗಿ ಅಲ್ಲಾಹನ ಮೇಲೆಯೇ ದೂರು ಹೇಳುತ್ತಾನೆ. ನಿನ್ನ ಹೆಸರನ್ನು ಜಗತ್ತಿಗೆ ಮುಟ್ಟಿಸಿದವರು ನಾವು, ಒಡೆಯನನ್ನೂ ಗುಲಾಮನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದವರು ನಾವು, ಈಗ ನಿನ್ನ ಕೃಪೆಯ ಮಳೆ ಪರರ ಅಂಗಳದಲ್ಲಿ ಸುರಿಯುತ್ತಿದೆ, ಸಿಡಿಲು ಮಾತ್ರ ನಮ್ಮ ಮನೆಯ ಮೇಲೆ ಬೀಳುತ್ತಿದೆ ಎಂಬುದು ಅದರ ಸಾರ. ಕೆಲವು ಧರ್ಮಪಂಡಿತರಿಗೆ ಇದು ಉದ್ಧಟತನವಾಗಿ ಕಂಡಿತು. ಮುಂದೆ, ಬಾಲ್ಕನ್ ಯುದ್ಧದಲ್ಲಿ ತುರ್ಕಿ ಸೋಲುತ್ತಿದ್ದಾಗ, 1913ರಲ್ಲಿ ಅದೇ ಲಾಹೋರಿನಲ್ಲಿ ಇಕ್ಬಾಲರು 36 ಪದ್ಯಗಳ 'ಜವಾಬೆ ಶಿಕ್ವಾ' ಓದಿದರು. ಅದರಲ್ಲಿ ಅಲ್ಲಾಹನೇ ಉತ್ತರ ಕೊಡುತ್ತಾನೆ: ಕೊಡಲು ನಾನು ಸಿದ್ಧ, ಕೇಳುವವರೆಲ್ಲಿ? ಪಂಗಡಗಳಲ್ಲಿ ಜಾತಿಗಳಲ್ಲಿ ಹಂಚಿಹೋದವರು ನೀವು. ಮಸೀದಿಯ ಸಾಲು ತುಂಬುವವರೂ ಉಪವಾಸವಿರುವವರೂ ಬಡವರು, ನಿಮ್ಮ ಸಿರಿವಂತರು ಅಮಲಿನಲ್ಲಿದ್ದಾರೆ. ಎರಡೂ ಕವನಗಳು 1924ರಲ್ಲಿ 'ಬಾಂಗೆ ದರಾ' ಸಂಕಲನದಲ್ಲಿ ಸೇರಿದವು.

ಕನ್ನಡಿಗರಿಗೆ ದೇವರನ್ನು ದೂರುವ ಭಕ್ತಿ ಹೊಸದಲ್ಲ. ನಿಂದಾಸ್ತುತಿ ಎಂಬ ಮಾತೇ ನಮ್ಮಲ್ಲಿದೆ. ದಾಸರು ತಮ್ಮ ವಿಠಲನನ್ನು ಸಾಲಗಾರನನ್ನು ತಡೆದು ನಿಲ್ಲಿಸಿದ ಹಾಗೆ ತಡೆದು ನಿಲ್ಲಿಸಿದ್ದಾರೆ. ಆದರೆ ದಾಸರ ದೂರು ಬಹುತೇಕ ಒಬ್ಬಂಟಿಯ ದೂರು. ಇಕ್ಬಾಲರದು ಇಡೀ ಸಮುದಾಯದ ದೂರು. 'ಶಿಕ್ವಾ'ದ ಬಲ ಅಲ್ಲಿದೆ. ಅದರ ತೊಡಕೂ ಅಲ್ಲಿಯೇ ಇದೆ.

ಹುಡುಗರಾಗಿದ್ದಾಗ ಕಾಣದ ಈ ತೊಡಕು ನಲವತ್ತು ದಾಟಿದ ಮೇಲೆ ಕಾಣಿಸುತ್ತಿದೆ. 'ಶಿಕ್ವಾ'ದ ಉದ್ದಕ್ಕೂ ಬರುವ "ನಾವು" ಯಾರು? ಸಾಮ್ರಾಜ್ಯ ಕಟ್ಟಿದವರು, ಸಮುದ್ರಕ್ಕೆ ಕುದುರೆ ಇಳಿಸಿದವರು, ಈಗ ಕಳೆದುಕೊಂಡವರು. ಆ ಸಾಮ್ರಾಜ್ಯದಲ್ಲಿ ನೀರು ಹೊತ್ತವರ, ಬಟ್ಟೆ ನೇಯ್ದವರ, ರೊಟ್ಟಿ ಸುಟ್ಟವರ ದೂರು ಇದರಲ್ಲಿಲ್ಲ. ಹೆಣ್ಣು ಇಲ್ಲಿ ಲೈಲಾ ಆಗಿ ಬರುತ್ತಾಳೆ, ಸ್ವರ್ಗದ ಹೂರ್ ಆಗಿ ಬರುತ್ತಾಳೆ. ಪರರಿಗೆ ಹೂರ್‌ಗಳೂ ಅರಮನೆಗಳೂ ಇಲ್ಲಿಯೇ ಸಿಕ್ಕವು, ನಮಗೆ ಬರೀ ವಾಗ್ದಾನ ಎಂದು ಗಂಡಸು ಗೊಣಗುವ ಕಡೆ ಅವಳ ಹೆಸರು ಬರುತ್ತದೆ. ತನಗಾದ ಅನ್ಯಾಯವನ್ನು ಹೇಳಲು ಅವಳಿಗೆ ಒಂದು ಪದ್ಯವೂ ಇಲ್ಲ. ಕೆಡುಕು ಎಂದರೆ ಹೊರಗಿನಿಂದ ನಮ್ಮ ಮೇಲೆ ಎರಗುವುದು ಎಂಬ ಲೆಕ್ಕದಲ್ಲಿ 'ಶಿಕ್ವಾ' ನಡೆಯುತ್ತದೆ. 'ಜವಾಬ್' ಒಳಗಿನ ಹುಳುಕನ್ನು ತೋರಿಸುತ್ತದೆ, ನಿಜ. ಆದರೆ ಅದೂ ತಪ್ಪಿತಸ್ಥ ಗಂಡಸಿಗೆ ದೇವರು ಹೇಳುವ ಬುದ್ಧಿಮಾತು. ಆ ಗಂಡಸಿನ ಕೈಯಲ್ಲಿ ನೊಂದವರನ್ನು ಸಾಕ್ಷಿಗೆ ಕರೆಯುವುದಿಲ್ಲ.

ಇಕ್ಬಾಲರು ಇದಕ್ಕಿಂತ ದೊಡ್ಡವರೆಂದು ನಮಗೆ ಗೊತ್ತು. 1929ರ ಜನವರಿಯಲ್ಲಿ ಅವರು ಮದ್ರಾಸಿಗೆ ಬಂದು ಉಪನ್ಯಾಸ ನೀಡಿದರು. ಅದೇ ಪ್ರವಾಸದಲ್ಲಿ ಬೆಂಗಳೂರು ಮೈಸೂರುಗಳಿಗೂ ಬಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಗೋರಿಯ ಮುಂದೆ ನಿಂತರು. 1932ರ 'ಜಾವೀದ್ ನಾಮಾ'ದಲ್ಲಿ ಟಿಪ್ಪು ಕಾವೇರಿಗೆ ಸಂದೇಶ ಕಳುಹಿಸುವ ಭಾಗವಿದೆ. ಮದ್ರಾಸಿನ ಉಪನ್ಯಾಸಗಳಲ್ಲಿ ಒಂದರ ವಿಷಯವೇ ದೇವರ ಕಲ್ಪನೆ ಮತ್ತು ಪ್ರಾರ್ಥನೆಯ ಅರ್ಥ. ಸಾಮೂಹಿಕ ನಮಾಝ್ ಮೇಲುಕೀಳನ್ನು ಅಳಿಸುತ್ತದೆ ಎನ್ನುತ್ತ, ದಕ್ಷಿಣ ಭಾರತದ ಬ್ರಾಹ್ಮಣನು ದಿನವೂ ಅಸ್ಪೃಶ್ಯನ ಹೆಗಲಿಗೆ ಹೆಗಲು ತಾಗಿಸಿ ನಿಂತರೆ ಎಂಥ ಆಧ್ಯಾತ್ಮಿಕ ಕ್ರಾಂತಿಯಾದೀತೆಂದು ಅವರು ಅಲ್ಲಿ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅದೇ ಪ್ರಶ್ನೆಯನ್ನು ನಮ್ಮ ಮಸೀದಿಗೆ ತಿರುಗಿಸಿ, ಆ ಸಾಲಿನಲ್ಲಿ ನಮ್ಮ ತಾಯಂದಿರಿಗೆ ಜಾಗವೆಲ್ಲಿ ಎಂದು ಕೇಳುವ ಹಕ್ಕು ನಮಗಿದೆ.

ಒಂದು ಪದದ ಬೇರು

'ಶಿಕ್ವಾ' ಎಂಬ ಪದ ಅರಬಿಯಿಂದ ಬಂದದ್ದು. ಶಿಕಾಯತ್ ಎಂಬ ಪದದ ಬೇರೂ ಅದೇ. ಆ ಬೇರನ್ನು ಹಿಡಿದು ಕುರ್‌ಆನಿಗೆ ಹೋದರೆ ಇಬ್ಬರು ದೂರುದಾರರು ಸಿಗುತ್ತಾರೆ.

ಮೊದಲನೆಯವರು ಹಝ್ರತ್ ಯಅ್‌ಕೂಬ್(ಅ). ಮಗ ಯೂಸುಫ್(ಅ)ರನ್ನು ಕಳೆದುಕೊಂಡು ಅತ್ತು ಅತ್ತು ಕಣ್ಣು ಕಳೆದುಕೊಂಡ ತಂದೆ. ನನ್ನ ದುಃಖವನ್ನು ಅಲ್ಲಾಹನಲ್ಲೇ ತೋಡಿಕೊಳ್ಳುತ್ತೇನೆ ಎನ್ನುವಾಗ ಅವರು ಬಳಸುವುದು ಇದೇ ಪದ. ಅವರ ಮಗನನ್ನು ಬಾವಿಗೆ ತಳ್ಳಿದವರು ಪರರಲ್ಲ, ಅವರದೇ ಇತರ ಮಕ್ಕಳು.

ಎರಡನೆಯವರು ಹಝ್ರತ್ ಖೌಲಾ ಬಿನ್ತ್ ಸಅ್‌ಲಬಾ(ರ). ಗಂಡ ಸಿಟ್ಟಿನಲ್ಲಿ, ನೀನು ನನಗೆ ತಾಯಿಯ ಬೆನ್ನಿದ್ದಂತೆ ಎಂದುಬಿಟ್ಟ. ಝಿಹಾರ್ ಎಂಬ ಹಳೆಯ ಅರಬ್ ಪದ್ಧತಿ ಅದು. ಆ ಒಂದು ಮಾತಿನಿಂದ ಹೆಂಡತಿ ಹೆಂಡತಿಯಾಗಿ ಉಳಿಯುತ್ತಿರಲಿಲ್ಲ, ಬೇರೆ ಮದುವೆಯಾಗುವ ಬಿಡುಗಡೆಯೂ ಸಿಗುತ್ತಿರಲಿಲ್ಲ. ಖೌಲಾ(ರ) ಪ್ರವಾದಿ(ಸ)ಯವರ ಬಳಿಗೆ ಬಂದರು. ಕೂಡಲೇ ಪರಿಹಾರ ಸಿಗಲಿಲ್ಲ. ಅವರು ಹಿಂದಿರುಗಲೂ ಇಲ್ಲ. ವಾದಿಸಿದರು, ಮಕ್ಕಳ ಗತಿಯೇನೆಂದು ಕೇಳಿದರು, ಅಲ್ಲಾಹನಿಗೆ ದೂರು ಕೊಟ್ಟರು. ಆಗ 58ನೇ ಅಧ್ಯಾಯ ಅವತೀರ್ಣವಾಯಿತು. ಗಂಡನ ವಿಷಯದಲ್ಲಿ ಪ್ರವಾದಿಯೊಂದಿಗೆ ವಾದಿಸಿದ ಆ ಹೆಣ್ಣಿನ ಮಾತನ್ನು ಅಲ್ಲಾಹನು ಆಲಿಸಿದ ಎಂಬಲ್ಲಿಂದಲೇ ಅದು ಆರಂಭವಾಗುತ್ತದೆ. ಅಧ್ಯಾಯದ ಹೆಸರೇ 'ಅಲ್ ಮುಜಾದಲಾ', ಎಂದರೆ ವಾಗ್ವಾದ. ತಾವು ಅದೇ ಮನೆಯಲ್ಲಿದ್ದರೂ ಅವಳ ಕೆಲವು ಮಾತುಗಳು ತಮ್ಮ ಕಿವಿಗೆ ಬೀಳಲಿಲ್ಲ, ಏಳು ಆಕಾಶಗಳ ಮೇಲಿರುವವನು ಎಲ್ಲವನ್ನೂ ಕೇಳಿಸಿಕೊಂಡ ಎಂದು ಹಝ್ರತ್ ಆಯಿಶಾ(ರ) ಬೆರಗುಪಟ್ಟಿದ್ದಾರೆ.

ಇಲ್ಲಿ ಬಂದ 'ಜವಾಬು' ಎಂಥದ್ದೆಂದು ನೋಡಬೇಕು. ಆ ಗಂಡನ ಮೇಲೆ ಸಿಡಿಲು ಬೀಳಲಿಲ್ಲ. ದೇವದೂತರ ಸೈನ್ಯ ಇಳಿಯಲಿಲ್ಲ. ಇಳಿದದ್ದು ಒಂದು ಕಾನೂನು. ಹೀಗೆ ಮಾತಾಡಿ ಮತ್ತೆ ಸಂಸಾರಕ್ಕೆ ಮರಳಬೇಕೆನ್ನುವ ಗಂಡ ಒಬ್ಬ ಗುಲಾಮನನ್ನು ಬಿಡುಗಡೆ ಮಾಡಬೇಕು. ಆಗದಿದ್ದರೆ ಎರಡು ತಿಂಗಳು ಎಡೆಬಿಡದೆ ಉಪವಾಸವಿರಬೇಕು. ಅದೂ ಆಗದಿದ್ದರೆ 60 ಬಡವರಿಗೆ ಊಟ ಹಾಕಬೇಕು. ಒಬ್ಬ ಹೆಣ್ಣಿನ ಕಣ್ಣೀರು ಒಬ್ಬ ಗುಲಾಮನ ಬಿಡುಗಡೆಗೂ ಬಡವರ ಊಟಕ್ಕೂ ದಾರಿ ಮಾಡಿತು. ಕೆಡುಕಿನ ವಿರುದ್ಧ ದೇವಸಹಾಯ ಹೀಗೂ ಬರುತ್ತದೆ.

ಮುಂದೆ ಖಲೀಫಾ ಉಮರ್(ರ)ರನ್ನು ದಾರಿಯಲ್ಲಿ ಇದೇ ಖೌಲಾ(ರ) ತಡೆದು ನಿಲ್ಲಿಸಿ ಬುದ್ಧಿ ಹೇಳಿದರಂತೆ. ಒಬ್ಬ ಮುದುಕಿಗಾಗಿ ಇಷ್ಟು ಹೊತ್ತು ನಿಂತಿರಾ ಎಂದು ಜೊತೆಯವರು ಆಕ್ಷೇಪಿಸಿದಾಗ, ಅಲ್ಲಾಹನು ಆಲಿಸಿದ ಮಾತನ್ನು ಉಮರ್ ಆಲಿಸದಿರಲು ಆಗುತ್ತದೆಯೇ ಎಂಬರ್ಥದ ಉತ್ತರ ಕೊಟ್ಟರೆಂದು ವರದಿಯಿದೆ.

ತಾಯಿಫಿನಲ್ಲಿ ಕಲ್ಲೇಟು ತಿಂದು, ಕಾಲಿನಿಂದ ರಕ್ತ ಸುರಿಯುತ್ತ ದ್ರಾಕ್ಷಿ ತೋಟದ ಗೋಡೆಗೆ ಒರಗಿದ ಪ್ರವಾದಿ(ಸ)ಯವರು ಮಾಡಿದ ದುಆವನ್ನು ಸೀರಾ ಗ್ರಂಥಗಳು ದಾಖಲಿಸಿವೆ. ಅದರ ಮೊದಲಿಗೇ ಇದೇ ಬೇರಿನ ಪದವಿದೆ. ಅಲ್ಲಿ ಅವರು ದೂರುವುದು ತಮ್ಮ ದುರ್ಬಲತೆಯನ್ನು, ತಮ್ಮ ಕೈಲಾಗದಿರುವುದನ್ನು. ಈ ಮೂರು ಶಿಕ್ವಾಗಳನ್ನು ಇಕ್ಬಾಲರದರ ಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ. ಈ ಮೂವರೂ ಅಲ್ಲಾಹನಿಗೆ ದೂರುತ್ತಾರೆ. ಇಕ್ಬಾಲರ ನಾಯಕ ಅಲ್ಲಾಹನನ್ನೇ ದೂರುತ್ತಾನೆ. ಮೊದಲಿನವರಲ್ಲಿ ಯಾರೂ ತಮ್ಮ ಹಿಂದಿನ ಸೇವೆಯ ಪಟ್ಟಿ ಕೊಟ್ಟು ಕೂಲಿ ಕೇಳುವುದಿಲ್ಲ.

ವಿಧವೆಯ ಮುನಾಜಾತ್

ಇಕ್ಬಾಲರಿಗಿಂತ ದಶಕಗಳ ಮೊದಲೇ ಉರ್ದುವಿನಲ್ಲಿ ಇನ್ನೊಂದು ದೂರು ದಾಖಲಾಗಿತ್ತು. ಪಾನಿಪತ್ತಿನ ಅಲ್ತಾಫ್ ಹುಸೇನ್ ಹಾಲಿ 1884ರಲ್ಲಿ ಬರೆದ 'ಮುನಾಜಾತೆ ಬೇವಾ', ಅಂದರೆ ವಿಧವೆಯ ಮೊರೆ. 1879ರ 'ಮುಸದ್ದಸ್'ನಲ್ಲಿ ಸಮುದಾಯದ ಏಳುಬೀಳನ್ನು ಹಾಡಿದ ಹಾಲಿಯೇ ಇದರ ಕವಿ. ಬಾಲ್ಯದಲ್ಲೇ ವಿಧವೆಯಾದ ಒಬ್ಬಳು ರಾತ್ರಿಯ ಒಂಟಿತನದಲ್ಲಿ ದೇವರ ಮುಂದೆ ಬದುಕನ್ನು ಬಿಚ್ಚಿಡುತ್ತಾಳೆ. ಅವಳನ್ನು ಮೂಲೆಗೆ ಕೂರಿಸಿದವರು ಬ್ರಿಟಿಷರಲ್ಲ, ಕಾಫಿರರಲ್ಲ. ಹೆತ್ತವರು, ಅತ್ತೆಮನೆಯವರು, ಓಣಿಯವರು. ವಿಧವಾ ವಿವಾಹಕ್ಕೆ ಷರೀಅತ್‌ನಲ್ಲಿ ಯಾವ ಅಡ್ಡಿಯೂ ಇಲ್ಲ. ಪ್ರವಾದಿ(ಸ)ಯವರ ಮೊದಲ ಮಡದಿ ಖದೀಜಾ(ರ) ವಿಧವೆಯೇ ಆಗಿದ್ದರು. ಹಾಗಿದ್ದೂ ಅಂದಿನ ಉತ್ತರ ಭಾರತದ ಕುಲೀನ ಮುಸ್ಲಿಮ್ ಮನೆಗಳಲ್ಲಿ ವಿಧವೆಯ ಮರುಮದುವೆ ಅವಮಾನವೆನಿಸಿತ್ತು. ಹಾಲಿ ಭಾರೀ ಫಾರ್ಸಿ ಪದಗಳನ್ನು ಬದಿಗಿಟ್ಟು ಹೆಂಗಸರು ಒಲೆಯ ಮುಂದೆ ಆಡುವ ಮಾತಿನಲ್ಲಿ ಈ ಮೊರೆಯನ್ನು ಬರೆದರು.

ಶಾಲೆಯಲ್ಲಿ 'ಶಿಕ್ವಾ' ಕಂಠಪಾಠ ಮಾಡಿಸಿದವರು ನಮಗೆ 'ಮುನಾಜಾತೆ ಬೇವಾ'ದ ಹೆಸರನ್ನೂ ಹೇಳಲಿಲ್ಲ. ವೇದಿಕೆಯ ಮೇಲೆ ಅದನ್ನು ಹಾಡಿದರೆ ವಾಹ್ ವಾಹ್ ಎನ್ನುವವರು ಯಾರು? ಮುಂದಿನ ಸಾಲಿನ ಹಿರಿಯರು ತಲೆ ತಗ್ಗಿಸಬೇಕಾಗುತ್ತದೆ. ತಡವಾಗಿ ಅದನ್ನು ಓದಿದಾಗ ನಮಗೆ ನೆನಪಾದದ್ದು ನಮ್ಮ ಅಜ್ಜಿ. ತಹಜ್ಜುದ್ ಹೊತ್ತಿನಲ್ಲಿ ಜಾನಮಾಝಿನ ಮೇಲೆ ಕುಳಿತು ಆಕೆ "ಯಾ ಅಲ್ಲಾ, ತೂಚ್ ದೇಖ್" ಎಂದಷ್ಟೇ ಹೇಳುತ್ತಿದ್ದರು. ನೀನೇ ನೋಡು ಎಂದು. ಏನನ್ನು ನೋಡಬೇಕೆಂದು ನಾವು ಕೇಳಲಿಲ್ಲ. ಮನೆಯಲ್ಲಿ ಬೇರೆ ಯಾರೂ ಕೇಳಲಿಲ್ಲ.

ಪ್ರಭುವಿಗೊಂದು ಕನ್ನಡದ ಅರ್ಜಿ

ಹಾಲಿಯ ವಿಧವೆ ಉರ್ದುವಿನಲ್ಲಿ ಮಾತಾಡಿದ ನೂರಕ್ಕೂ ಹೆಚ್ಚು ವರ್ಷಗಳ ನಂತರ ಹಾಸನದಿಂದ ಕನ್ನಡದಲ್ಲಿ ಅಂಥದೇ ದನಿ ಎದ್ದಿತು. ಬಾನು ಮುಷ್ತಾಕರ 'ಒಮ್ಮೆ ಹೆಣ್ಣಾಗು ಪ್ರಭುವೇ!' ಕಥೆಯನ್ನು ಈ ದೃಷ್ಟಿಯಿಂದ ಓದಬೇಕು. ದೀಪಾ ಭಸ್ತಿ ಇಂಗ್ಲಿಷಿಗೆ ತಂದ 12 ಕಥೆಗಳ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಕನ್ನಡಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆ ಸಂಕಲನದ ಕೊನೆಯಲ್ಲಿರುವ ಕಥೆ ಇದು.

ಕಥೆಯ ರೂಪವೇ ದುಆ. ಒಬ್ಬ ಹೆಣ್ಣುಮಗಳು ನಡುವೆ ಯಾರನ್ನೂ ಇಟ್ಟುಕೊಳ್ಳದೆ ಪ್ರಭುವಿಗೆ ತನ್ನ ಬದುಕನ್ನು ಹೇಳುತ್ತ ಹೋಗುತ್ತಾಳೆ. ತಾಯಿಯಿಂದ ಅಗಲಿಸಿದ ಮದುವೆ, ಗಂಡನ ದರ್ಪ, ಅವಳ ಮಾತಿಗೆ ಬೆಲೆಯಿಲ್ಲದ ಮನೆ. 'ಶಿಕ್ವಾ'ದ ನಾಯಕ ಮಾಡಿದ ಸೇವೆಗೆ ಪ್ರತಿಫಲ ಕೇಳಿದರೆ ಇವಳು ಪ್ರತಿಫಲ ಕೇಳುವುದಿಲ್ಲ. ಗಂಡನಿಗೆ ಶಿಕ್ಷೆ ಕೊಡೆಂದೂ ಪಟ್ಟು ಹಿಡಿಯುವುದಿಲ್ಲ. ಸೃಷ್ಟಿಸಿದವನೇ ಒಮ್ಮೆ ಅವಳ ಜಾಗದಲ್ಲಿ ನಿಂತು ನೋಡಲಿ ಎನ್ನುತ್ತಾಳೆ. ನಮ್ಮ ಅಜ್ಜಿಯ "ತೂಚ್ ದೇಖ್" ಇಲ್ಲಿ ಪೂರ್ತಿ ವಾಕ್ಯವಾಗಿದೆ.

ಅಲ್ಲಾಹನಿಗೆ ರೂಪವಿಲ್ಲ, ಲಿಂಗವಿಲ್ಲ, ಅವನು ಅವತಾರವೆತ್ತುವುದಿಲ್ಲ. ಹಾಗಿರುವಾಗ ಹೆಣ್ಣಾಗೆಂದು ಕೇಳುವುದು ಸರಿಯೇ ಎಂದು ಕೆಲವರು ಕೇಳುತ್ತಾರೆ. ಧರ್ಮಶಾಸ್ತ್ರದ ಮಾತಾಗಿ ಅದು ಸರಿ. ನಾವೂ ಹಾಗೆಯೇ ನಂಬುವವರು. ಆದರೆ ಇದು ಅಕೀದೆಯ ಪುಸ್ತಕವಲ್ಲ, ನೊಂದವಳ ಕೂಗು. ಅವಳಿಗೆ ದೇವನ ರೂಪದ ಬಗ್ಗೆ ತಕರಾರಿಲ್ಲ. ಅವನ ಹೆಸರಿನಲ್ಲಿ ತನ್ನ ಮೇಲೆ ಸವಾರಿ ಮಾಡಿದವರೆಲ್ಲ ಗಂಡಸರೇ ಆಗಿದ್ದರಿಂದ ಅವಳ ಬಾಯಿಗೆ ಈ ಮಾತು ಬಂದಿದೆ. ಒಡೆಯನಿದ್ದಾನೆ, ಕೇಳುತ್ತಿದ್ದಾನೆ ಎಂಬ ನಂಬಿಕೆಯಿಲ್ಲದಿದ್ದರೆ ಅವಳು ಬಾಯಿಯನ್ನೇ ತೆರೆಯುತ್ತಿರಲಿಲ್ಲ. 'ಶಿಕ್ವಾ'ದ ಗಂಡಸಿನ ಉದ್ಧಟತನವನ್ನು ನಾವು ಕಾವ್ಯವೆಂದು ಕ್ಷಮಿಸಿದ್ದೇವೆ, ತಲೆಯ ಮೇಲೆ ಹೊತ್ತು ಮೆರೆಸಿದ್ದೇವೆ. ಹೆಣ್ಣಿನ ಕೂಗಿಗೆ ಮಾತ್ರ ಫತ್ವಾದ ಅಳತೆಗೋಲು ಏಕೆ?

ಒಂದು ವಿಮರ್ಶೆಯ ಮಾತನ್ನೂ ಹೇಳಬೇಕು. ಈ ಕಥೆಯಲ್ಲಿ ಮಾತಾಡುವವಳು ಅವಳೊಬ್ಬಳೇ ಆದ್ದರಿಂದ ಗಂಡನೆಂಬವನು ಬರೀ ಕ್ರೌರ್ಯದ ಬೊಂಬೆಯಾಗಿಬಿಡುವ ಅಪಾಯವಿದೆ. ಕಥೆ ಬರೆಯುವವರಾಗಿ ನಮಗೆ ಬಾನು ಅವರ 'ಕರಿ ನಾಗರಗಳು' ಹೆಚ್ಚು ತುಂಬಿದ ರಚನೆ ಎನಿಸುತ್ತದೆ. ಗಂಡ ಬಿಟ್ಟುಹೋದ ಹೆಣ್ಣು ಮುತವಲ್ಲಿಯಿಂದ ನ್ಯಾಯ ಬೇಡಿ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯಲ್ಲಿ ಕಾಯುತ್ತಾಳೆ. ದೇವರ ಮನೆಯಲ್ಲೇ ಅವಳ ಅರ್ಜಿ ಕೊಳೆಯುತ್ತದೆ. ಗಿರೀಶ್ ಕಾಸರವಳ್ಳಿಯವರ 2004ರ 'ಹಸೀನಾ' ಚಿತ್ರಕ್ಕೆ ಆಧಾರ ಈ ಕಥೆಯೇ. ಆ ಪಾತ್ರಕ್ಕಾಗಿ ತಾರಾ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂದಿತು. 'ಎದೆಯ ಹಣತೆ'ಯಲ್ಲಿ ತವರಿನ ಅಣ್ಣತಮ್ಮಂದಿರೂ ಕೈಬಿಟ್ಟ ಮೆಹರುನ್ ಸೀಮೆಎಣ್ಣೆ ಸುರಿದುಕೊಂಡು ನಿಂತಾಗ ಅವಳನ್ನು ಹಿಡಿದು ನಿಲ್ಲಿಸುವವಳು ಅವಳ ಮಗಳು. ದೊಡ್ಡವರೆಲ್ಲ ಕಿವುಡಾದ ಮೇಲೆ ಒಂದು ಮಗು ಕೇಳಿಸಿಕೊಂಡಿತು. ಮೆಹರುನ್‌ಗೆ ಬಂದ ಜವಾಬು ಆ ಮಗುವಿನ ಕೈಗಳ ಮೂಲಕ ಬಂದಿತು ಎಂದು ನಾವು ಓದಿಕೊಂಡಿದ್ದೇವೆ.

ಈ ಲೇಖಕಿ ಮಸೀದಿಯಲ್ಲಿ ಹೆಂಗಸರ ಪ್ರಾರ್ಥನೆಯ ಹಕ್ಕಿನ ಪರವಾಗಿ ಮಾತಾಡಿದ್ದಕ್ಕೆ 2000ದಲ್ಲಿ ಸಾಮಾಜಿಕ ಬಹಿಷ್ಕಾರ ಎದುರಿಸಬೇಕಾಯಿತು. ದುಆ ಮಾಡಲು ಜಾಗ ಕೇಳಿದವಳನ್ನು ಹೊರಗಿಟ್ಟು ಒಳಗೆ ದುಆ ಮುಂದುವರಿಯಿತು. ಉಡುಪಿಯ ಕನಕನ ಕಿಂಡಿಯ ಐತಿಹ್ಯವನ್ನು ಕೇಳುವಾಗಲೂ ನಮಗೆ ಇದೇ ಕಸಿವಿಸಿ. ಒಳಗೆ ಬಿಡದ ದಾಸನ ಮೊರೆಗೆ ದೇವರು ತಿರುಗಿದ, ಗೋಡೆ ಬಿರಿಯಿತು. ಬಾಗಿಲಿನಲ್ಲಿದ್ದವರು ಮಾತ್ರ ಬಾಗಿಲು ತೆರೆಯಲಿಲ್ಲ.

ಸಬರ್ ಎಂಬ ಬೀಗ

ಇಷ್ಟನ್ನು ಬರೆದು ನಮ್ಮ ಪಾಲನ್ನು ಮುಚ್ಚಿಟ್ಟರೆ ಈ ಲೇಖನವೂ ಇನ್ನೊಂದು ಭಾಷಣವಾಗುತ್ತದೆ. ಸುಮಾರು 20 ವರ್ಷಗಳ ಹಿಂದೆ ಒಂದು ಜಮಾಅತ್ ಸಮಿತಿಯಲ್ಲಿ ಕಾಗದಪತ್ರ ಬರೆಯುವ ಕೆಲಸ ನಮ್ಮದಾಗಿತ್ತು. ಉರ್ದು ಕನ್ನಡ ಎರಡೂ ಬರುತ್ತಿದ್ದುದರಿಂದ ಅರ್ಜಿಗಳೆಲ್ಲ ನಮ್ಮ ಕೈಗೇ ಬರುತ್ತಿದ್ದವು. ಒಂದು ಸಂಜೆ ಇಬ್ಬರು ಮಕ್ಕಳ ಜೊತೆ ಒಬ್ಬ ಹೆಂಗಸು ಬಂದರು. ಗಂಡ ಬೇರೆ ಊರಿನಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ವರ್ಷದಿಂದ ಖರ್ಚಿಗೆ ಕೊಟ್ಟಿರಲಿಲ್ಲ. ಅವನ ಅಣ್ಣ ಸಮಿತಿಯ ದೊಡ್ಡವರಲ್ಲಿ ಒಬ್ಬ. ಅರ್ಜಿ ಬರೆದುಕೊಂಡೆವು. ಮೇಜಿನ ಆಚೆ ಕುಳಿತವರು ಸಬರ್ ಮಾಡಿ ಎಂದರು. ನಮಗೂ ಏನಾದರೂ ಹೇಳಬೇಕೆನಿಸಿ, "ಆಪಾ, ದುಆ ಮಾಡಿ, ನಾವೂ ಮಾಡುತ್ತೇವೆ" ಎಂದೆವು. ಆಕೆ ಸೆರಗು ಸರಿಮಾಡಿಕೊಂಡು ಹೇಳಿದರು: "ದುಆ ಮಾಡಿಯಾಯ್ತು ಬಾಬಾ. ಅದಕ್ಕೇ ಇಲ್ಲಿಗೆ ಬಂದೆ."

ಮುಂದಿನ ಜುಮಾದಂದು ಅದೇ ಮಸೀದಿಯಲ್ಲಿ ಲೋಕದ ಎಲ್ಲ ಮರ್ದಿತರಿಗಾಗಿ ದುಆ ನಡೆಯಿತು. ಜೋರಾಗಿ ಆಮೀನ್ ಎಂದವರಲ್ಲಿ ಆ ಗಂಡನ ಅಣ್ಣನೂ ಇದ್ದ, ನಾವೂ ಇದ್ದೆವು. ಆ ಅರ್ಜಿ ಯಾವ ಫೈಲಿನಲ್ಲಿ ಉಳಿಯಿತೆಂದು ನಾವು ಕೊನೆಗೂ ಕೇಳಲಿಲ್ಲ.

ಅವರ ಮಾತಿನ ಅರ್ಥ ತಿಳಿಯಲು ವರ್ಷಗಳೇ ಬೇಕಾದವು. ಕುರ್‌ಆನಿನ 4ನೇ ಅಧ್ಯಾಯದ 75ನೇ ವಚನದಲ್ಲಿ ಮಕ್ಕಾದಲ್ಲಿ ಸಿಕ್ಕಿಬಿದ್ದ ದುರ್ಬಲ ಗಂಡಸರು, ಹೆಂಗಸರು, ಮಕ್ಕಳು, ಈ ಅಕ್ರಮಿಗಳ ಊರಿನಿಂದ ನಮ್ಮನ್ನು ಪಾರುಮಾಡು, ಒಬ್ಬ ಸಹಾಯಕನನ್ನು ಕೊಡು ಎಂದು ಮೊರೆಯಿಡುತ್ತಾರೆ. ಅವರ ದುಆವನ್ನು ಎತ್ತಿಹೇಳಿ ಅಲ್ಲಾಹನು ಮಾತಾಡಿಸುವುದು ಅವರನ್ನಲ್ಲ, ಸುಮ್ಮನೆ ಕುಳಿತ ಇತರರನ್ನು. ಇವರಿಗಾಗಿ ನೀವೇಕೆ ಹೋರಾಡುತ್ತಿಲ್ಲ ಎಂದು ಕೇಳುತ್ತಾನೆ. ಅಂದಿನದು ಯುದ್ಧದ ಸಂದರ್ಭ. ಸಂವಿಧಾನವಿರುವ ನಮ್ಮ ಕಾಲದಲ್ಲಿ ಆ ಹೋರಾಟಕ್ಕೆ ನ್ಯಾಯಾಲಯವಿದೆ, ಶಾಲೆಯಿದೆ, ಲೇಖನಿಯಿದೆ. ಆದರೆ ಪ್ರಶ್ನೆ ಹಾಗೆಯೇ ಉಳಿದಿದೆ. ದೇವರು ಯಾಕೆ ಸುಮ್ಮನಿದ್ದಾನೆ ಎಂದು ನಾವು ಕೇಳುತ್ತಿದ್ದೇವೆ. ನೀವು ಯಾಕೆ ಸುಮ್ಮನಿದ್ದೀರಿ ಎಂದು ಅವನು ಕೇಳುತ್ತಿದ್ದಾನೆ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು, ಹಾಗಾದರೆ ದುಆ ನಿಷ್ಪ್ರಯೋಜಕವೇ ಎಂಬುದು. ಖಂಡಿತ ಅಲ್ಲ. ಬದ್ರ್ ರಣರಂಗದಲ್ಲಿ ಪ್ರವಾದಿ(ಸ)ಯವರು ಹೆಗಲ ಮೇಲಿನ ಚಾದರ ಜಾರಿಬೀಳುವಷ್ಟು ತನ್ಮಯರಾಗಿ ಬೇಡಿದರು. ಅಬೂಬಕರ್(ರ) ಅದನ್ನು ಎತ್ತಿ ಹೊದಿಸಿ ಸಮಾಧಾನ ಹೇಳಿದರು. ಆದರೆ ಆ ದುಆಕ್ಕೆ ಮೊದಲು 300ಕ್ಕೆ ಸ್ವಲ್ಪ ಹೆಚ್ಚಿದ್ದ ತಮ್ಮ ಸಂಗಾತಿಗಳನ್ನು ಸಾಲಾಗಿ ನಿಲ್ಲಿಸಿಯಾಗಿತ್ತು, ನೀರಿನ ಬಾವಿಯ ವ್ಯವಸ್ಥೆಯಾಗಿತ್ತು. ಕೈಲಾದದ್ದನ್ನು ಮಾಡಿ ಮುಗಿಸಿದವರ ದುಆ ಅದು. ಗಾಝಾದ ವಿಷಯದಲ್ಲಿ ನಮ್ಮ ಕೈ ನಿಜಕ್ಕೂ ಬಹು ದೂರ ಚಾಚಲಾರದು. ಅಲ್ಲಿಗಾಗಿ ಅತ್ತು ಬೇಡುವ ಇಮಾಮರ ಕಣ್ಣೀರನ್ನು ಹಗುರವಾಗಿ ಕಾಣುವವರು ನಾವಲ್ಲ. ಆದರೆ ಪಕ್ಕದ ಓಣಿಯ ವಿಷಯದಲ್ಲಿ ಕೈ ಎಟುಕುವುದಿಲ್ಲ ಎನ್ನಲಾದೀತೇ?

ಎರಡನೆಯ ಆಕ್ಷೇಪ ಹೆಚ್ಚು ಕಠಿಣವಾದುದು. ಸಮುದಾಯವೇ ಪೆಟ್ಟು ತಿನ್ನುತ್ತಿರುವಾಗ ಒಳಮನೆಯ ಮಾತನ್ನು ಬೀದಿಗೆ ತಂದರೆ ಹೊರಗಿನವರ ಕೈಗೆ ಕೋಲು ಕೊಟ್ಟಂತೆ ಅಲ್ಲವೇ? ಆ ಭಯ ಸುಳ್ಳಲ್ಲ. ನಮ್ಮ ಹೆಣ್ಣುಮಕ್ಕಳ ಕಣ್ಣೀರನ್ನು ತಮ್ಮ ದ್ವೇಷದ ಕತ್ತಿಗೆ ಸಾಣೆ ಹಿಡಿಯಲು ಬಳಸುವವರು ಇದ್ದಾರೆ. ಅವರಿಗೆ ಆ ಹೆಣ್ಣುಮಕ್ಕಳು ಬೇಕಿಲ್ಲ, ಆ ಕಣ್ಣೀರು ಮಾತ್ರ ಬೇಕು. ಅದರ ಅರಿವಿದ್ದೇ ನಾವು ಬರೆಯುತ್ತಿದ್ದೇವೆ. ಆದರೆ ಪ್ರವಾದಿ(ಸ)ಯವರು ಹಝ್ರತ್ ಮುಆದ್(ರ)ರನ್ನು ಯಮನ್‌ಗೆ ಕಳುಹಿಸುವಾಗ ಕೊಟ್ಟ ಎಚ್ಚರಿಕೆಯನ್ನು ಮರೆಯುವುದು ಹೇಗೆ? ಝಕಾತ್ ಪಡೆಯುವಾಗ ಜನರ ಅತ್ಯುತ್ತಮ ಸೊತ್ತಿಗೇ ಕೈಹಾಕಬೇಡಿ, ಮರ್ದಿತನ ಮೊರೆಯನ್ನು ಅಂಜಿಕೊಳ್ಳಿ, ಅದಕ್ಕೂ ಅಲ್ಲಾಹನಿಗೂ ನಡುವೆ ತೆರೆಯಿಲ್ಲ ಎಂಬ ಅರ್ಥದ ಹದೀಸ್ ಅದು. ಇದನ್ನು ನಾವು ಸಾಮಾನ್ಯವಾಗಿ ನಮ್ಮ ಶತ್ರುಗಳಿಗೆ ಎಚ್ಚರಿಕೆಯಾಗಿ ವೇದಿಕೆಯಿಂದ ಹೇಳುತ್ತೇವೆ. ಅದನ್ನು ಹೇಳಿದ್ದು ಒಬ್ಬ ಸಹಾಬಿಗೆ, ಮುಸ್ಲಿಮ್ ಅಧಿಕಾರಿಗೆ. ತೆರೆಯಿಲ್ಲದ ಆ ಮೊರೆ ನಮ್ಮ ವಿರುದ್ಧವೂ ಹೋಗಬಹುದು. ನಾವು ಗಾಝಾಕ್ಕಾಗಿ ಕೈ ಎತ್ತಿದ ಹೊತ್ತಿನಲ್ಲೇ ಗೋಡೆಯಾಚೆ ಒಬ್ಬಳು ನಮ್ಮ ಮೇಲೆ ಕೈ ಎತ್ತಿದ್ದರೆ ಎರಡರಲ್ಲಿ ಯಾವುದು ಮೊದಲು ಮುಟ್ಟೀತು?

'ಶಿಕ್ವಾ'ವನ್ನು ಮಕ್ಕಳಿಗೆ ಕಲಿಸುವುದು ಬೇಡವೆಂದು ಇದರ ಅರ್ಥವಲ್ಲ. ಕಲಿಸೋಣ. ಜೊತೆಗೆ ಹಾಲಿಯ ವಿಧವೆಯ ಮೊರೆಯನ್ನೂ ಕಲಿಸೋಣ. ಕನ್ನಡ ಓದುವ ಮಕ್ಕಳ ಕೈಗೆ ಬಾನು ಅವರ ಕಥೆಯನ್ನೂ ಕೊಡೋಣ. ಖೌಲಾ(ರ)ರ ಕಥೆಯನ್ನು ಜುಮಾ ಖುತ್ಬಾದಲ್ಲಿ ಹೇಳೋಣ. ಹೇಳುವಾಗ ಕೇಳಲು ಹೆಂಗಸರಿಗೂ ಮಸೀದಿಯಲ್ಲಿ ಜಾಗವಿರಲಿ. ದುಆ ಮುಗಿದ ಮೇಲೆ ಜಮಾಅತ್ತಿನ ಮೇಜಿನ ಮೇಲಿರುವ ಅರ್ಜಿಗಳನ್ನು ಯಾರಾದರೂ ಬಿಡಿಸಿ ಓದಲಿ. ಮೇಜಿನ ಆಚೆ ಕುಳಿತವರಲ್ಲಿ ಹೆಂಗಸರೂ ಇರಲಿ.

ಚಪ್ಪಲಿಯ ಬಳಿ ಪ್ರಶ್ನೆ ಕೇಳಿದ ಹುಡುಗನಿಗೆ ನಮ್ಮಲ್ಲಿ ಸಿದ್ಧ ಉತ್ತರವಿಲ್ಲ. ಅಲ್ಲಾಹನ ಗುಟ್ಟು ಅಲ್ಲಾಹನಿಗೇ ಗೊತ್ತು. ಮುಂದಿನ ಬಾರಿ ಅವನನ್ನು ಗದರಿಸದೆ, "ಮಗಾ, ನಿನ್ನ ಓಣಿಯಲ್ಲಿ ಯಾರ ಮನೆಯ ಒಲೆ ಉರಿದಿಲ್ಲ, ನೋಡಿಕೊಂಡು ಬಾ, ಇಬ್ಬರೂ ಹೋಗೋಣ" ಎನ್ನಬೇಕೆಂದುಕೊಂಡಿದ್ದೇವೆ. 20 ವರ್ಷಗಳ ಹಿಂದೆ ಆ ಹೆಂಗಸು ಮೇಜಿನ ಮುಂದೆ ನಿಂತಾಗ ನಮಗೆ ಯಾರೂ ಹಾಗೆ ಹೇಳಲಿಲ್ಲ. ಅರ್ಜಿ ನಮ್ಮ ಕೈಯಲ್ಲೇ ಇತ್ತು.